ಕುಚ್ಚಲಕ್ಕಿಯ ಮೇಲೆ ಕೂತ ಪ್ರಿಆಂಪ್

ನಮ್ಮ ಮನೆಗೆ ಬಂದ ಯಾವ ಯಂತ್ರವೂ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡು ಬಿದ್ದಿದ್ದ ಉದಾಹರಣೆ ಇಲ್ಲ. ಕುಕ್ಕರ್ ಆಗಲಿ, ವಾಷಿಂಗ್ ಮೆಷಿನ್ ಆಗಲಿ, ನಾಲ್ಕು ಜನರ ಎದುರು ನನ್ನನ್ನು ಒಮ್ಮೆಯಾದರೂ ಪೆಚ್ಚು ಮಾಡದೆ ಬಿಟ್ಟಿಲ್ಲ. ಆದರೆ ಈ ವಿಷಯದಲ್ಲಿ ವಾಲ್ವ್ ಪ್ರಿಆಂಪನ್ನು ಮೀರಿಸಿದ್ದು ಇನ್ನೂ ಬಂದಿಲ್ಲ.

ಅದು ಮಾವನದ್ದು, ಅಂದರೆ ನನ್ನ ಹೆಂಡತಿಯ ಅಪ್ಪನದ್ದು. ಉಡುಪಿ ಕಡೆಯವರು. ಕಲ್ಯಾಣ್ ಸ್ಟೇಷನ್ ಹತ್ತಿರ ಅವರದೊಂದು ಶಾಕಾಹಾರಿ ಹೋಟೆಲ್ ಇತ್ತು. ಗಲ್ಲಾದ ಪಕ್ಕ ಒಂದು ರೆಕಾರ್ಡ್ ಪ್ಲೇಯರ್, ಅದರ ಪಕ್ಕ ಈ ಪೆಟ್ಟಿಗೆ. ರೆಕಾರ್ಡಿನ ಸೂಜಿಯಿಂದ ಬರುವ ಸಣ್ಣ ದನಿಯನ್ನು ತಿದ್ದಿ ತೀಡಿ ದೊಡ್ಡ ಆಂಪ್ಲಿಫೈಯರಿಗೆ ದಾಟಿಸುವುದು ಅದರ ಕೆಲಸ. ಒಳಗೆ ಹಳೇ ಕಾಲದ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವ್‌ಗಳು ಮೂರು. ದಿನಾ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಮಾವ ಅದೇ ಒಂದು ನಾಗಸ್ವರದ ರೆಕಾರ್ಡ್ ಹಾಕುತ್ತಿದ್ದರು. ಗಿರಾಕಿಗಳು ಗಡಿಯಾರ ನೋಡುತ್ತಿರಲಿಲ್ಲ, ರಾಗ ಎಲ್ಲಿಗೆ ಬಂತು ಎಂದು ಕೇಳಿಕೊಂಡು ಲೋಕಲ್ ರೈಲು ಹಿಡಿಯಲು ಓಡುತ್ತಿದ್ದರು.

ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು, ಅದರ ಜೊತೆಗೆ ಹೋಟೆಲೂ ಹೋಯಿತು. ಮಾವ ಸಾನಪಾಡಾದಲ್ಲಿ ಮಗನ ಮನೆ ಸೇರಿದರು. ಮಗ ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನುಷ್ಯ ಇವತ್ತಿಗೂ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಸೋಫಾದ ಮೇಲೆ ಕೂರುತ್ತಾರೆ. ಅಲ್ಲಿಂದ ಮುಂದೆ ಹೋಗಲಿಕ್ಕೆ ಜಾಗವಿಲ್ಲ. ದಿನಕ್ಕೆ ಸಾವಿರ ಜನರ ಜೊತೆ ಮಾತಾಡುತ್ತಿದ್ದವರು ಹೂಂ, ಊಹೂಂಗೆ ಇಳಿದುಬಿಟ್ಟಿದ್ದರು. ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಕಳೆದ ಸಂಕ್ರಾಂತಿಗೆ ಹೋದಾಗ ಪ್ರಿಆಂಪ್ ಇದ್ದ ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಮುಂದಿಟ್ಟರು.

"ನೀನು ಮೆಷಿನ್ ಕಲಿತವನು. ಇದನ್ನು ಸರಿ ಮಾಡು. ನಂಗೆ ಆ ರೆಕಾರ್ಡ್ ಒಂದು ಸಲ ಮೊದಲಿನ ಹಾಗೆ ಕೇಳಬೇಕು, ಅಷ್ಟೆ. ಸರಿ ಆದ ಮೇಲೆ ಕರೆ. ನನ್ನ ಮೊಣಕಾಲಿಗೆ ನಿಮ್ಮ ಮೂರು ಮಾಳಿಗೆ ಒಂದೇ ಸಲ ಹತ್ತಲಿಕ್ಕೆ ಆಗುವುದು, ಆಯ್ತಾ?"

ನಾನಿರುವುದು ಠಾಕುರ್ಲಿ ಸ್ಟೇಷನ್ನಿಗೆ ಬೆನ್ನು ಹಾಕಿ ನಿಂತ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಾಳಿಗೆಯಲ್ಲಿ. ಮಹಾಪೆಯ ಕಾರ್ಖಾನೆಯೊಂದರಲ್ಲಿ ಮೀಟರ್ ಟೆಸ್ಟಿಂಗ್ ನನ್ನ ಉದ್ಯೋಗ. ಮೀಟರ್ ಸರಿ ಮಾಡುವವನಿಗೆ ಪ್ರಿಆಂಪ್ ಯಾವ ಲೆಕ್ಕ ಎಂದುಕೊಂಡು ಒಪ್ಪಿದೆ. ಸಿಗುವುದು ಒಂದೇ ಅವಕಾಶ ಎಂಬುದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

೧. ವಾಸನೆ

ಜೊತೆಗೆ ಹೋಟೆಲಿನ ಪ್ಲೇಯರ್, ಆಂಪ್ಲಿಫೈಯರ್, ಸ್ಪೀಕರ್, ಆ ರೆಕಾರ್ಡ್ ಎಲ್ಲವನ್ನೂ ಮನೆಗೆ ತಂದು, ಹಾಳಾಗಿದ್ದ ಎರಡು ಕೆಪಾಸಿಟರ್ ಬದಲಿಸಿ, ಭಾನುವಾರ ಬೆಳಿಗ್ಗೆ ಸ್ವಿಚ್ ಹಾಕಿದೆ. ವಾಲ್ವ್‌ಗಳು ನಿಧಾನಕ್ಕೆ ಕೆಂಪಾದವು. ದನಿ ಬರುವ ಮೊದಲು ವಾಸನೆ ಬಂತು. ಗೋಳಿಬಜೆ ಕರಿದ ಎಣ್ಣೆ, ಸಾಂಬಾರಿನ ಇಂಗು, ಕರಿಬೇವು. ಹೋಟೆಲಿನ ಅಷ್ಟೂ ವರ್ಷಗಳ ಒಗ್ಗರಣೆಯ ಹೊಗೆಯನ್ನು ಆ ಪೆಟ್ಟಿಗೆ ಕುಡಿದು ಕೂತಿತ್ತು, ಬಿಸಿ ತಾಗಿದ್ದೇ ಬಿಟ್ಟುಕೊಟ್ಟಿತು.

ಹೆಂಡತಿ ಬಚ್ಚಲಿನಿಂದಲೇ ಒಲೆಯ ಮೇಲೆ ಏನು ಇಟ್ಟಿದ್ದೀರಿ ಎಂದು ಕೇಳಿದಳು. ಹೊರಬಂದು, ಪೆಟ್ಟಿಗೆಯ ಹತ್ತಿರ ಮೂಗು ತಂದಳು. "ಅಪ್ಪ ಮನೆಗೆ ಬಂದರೆ ಅಂಗಿಗೆ ಇದೇ ವಾಸನೆ" ಎಂದು ಒಳಗೆ ಹೋದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜಿಡ್ಡಿದ್ದರೆ ಧೂಳು ಕೂರುತ್ತದೆ, ಧೂಳು ಕೂತರೆ ಸಾಕೆಟ್ಟಿನಲ್ಲಿ ಕರಕರ ಸದ್ದು ಬರುತ್ತದೆ. ಸ್ಪಿರಿಟ್ ಮತ್ತು ಹಳೇ ಟೂತ್‌ಬ್ರಷ್ ಹಿಡಿದು ಮೂರು ಭಾನುವಾರ ತಿಕ್ಕಿದೆ. ವಾಲ್ವಿನ ಕಾಲುಗಳನ್ನು ಒಂದೊಂದಾಗಿ ಒರೆಸಿದೆ.

ನಾಲ್ಕನೇ ಭಾನುವಾರ ಹನ್ನೊಂದು ಗಂಟೆಗೆ ಎದುರು ಮನೆಯ ಮರಾಠಿ ಅಜ್ಜ ಬೆಲ್ ಮಾಡಿದರು. ಕಳೆದ ಮೂರು ವಾರ ನಮ್ಮ ಬಾಗಿಲಿನ ವಾಸನೆಗೆ ಅವರು ಬರೀ ಚಪಾತಿಯನ್ನೇ ಪಲ್ಯವಿಲ್ಲದೆ ತಿನ್ನುತ್ತಿದ್ದರಂತೆ. ಇವತ್ತು ಯಾಕೆ ಬಂದಿಲ್ಲ ಎಂದು ವಿಚಾರಿಸಿದರು.

೨. ಇಪ್ಪತ್ತು ನಿಮಿಷ

ವಾಲ್ವ್ ಪ್ರಿಆಂಪಿನ ಮೊದಲ ನಿಯಮ, ಅದನ್ನು ಕಾಯಲು ಬಿಡಬೇಕು. ದನಿ ಒಂದು ನಿಮಿಷದಲ್ಲಿ ಬರುತ್ತದೆ, ಆದರೆ ಅದು ತೆಳು ಮಜ್ಜಿಗೆ. ಇಪ್ಪತ್ತು ನಿಮಿಷವಾದ ಮೇಲೆ ಗಟ್ಟಿಯಾಗುತ್ತದೆ. ಈ ಊರಿನಲ್ಲಿ ಸುಮ್ಮನೆ ಕೂರಲು ಇಪ್ಪತ್ತು ನಿಮಿಷ ಯಾರ ಹತ್ತಿರ ಇದೆ ಎಂಬ ವಿಚಾರ ಮಾತ್ರ ಆ ವಾಲ್ವ್ ಮಾಡಿದವನಿಗೆ ಹೊಳೆದಿರಲಿಕ್ಕಿಲ್ಲ.

ಮಹಾಪೆಯ ನನ್ನ ಸಹೋದ್ಯೋಗಿಯೊಬ್ಬ ಡೊಂಬಿವಲಿಯವನು. ನನ್ನ ಬಾಯಲ್ಲಿ ಪ್ರಿಆಂಪ್ ಪುರಾಣ ಕೇಳಿ ಕೇಳಿ ಬೇಸತ್ತು, ಕೊನೆಗೂ ಒಂದು ಶನಿವಾರ ಸಂಜೆ ಬಂದ. ಬರುವಾಗಲೇ ಐದು ಮೂವತ್ತೆಂಟರ ಸ್ಲೋ ಲೋಕಲ್ ಹಿಡಿಯಬೇಕು ಎಂದ. ಸ್ವಿಚ್ ಹಾಕಿದೆ. ಅವನು ಒಂದು ಕಣ್ಣು ವಾಲ್ವ್ ಮೇಲೆ, ಇನ್ನೊಂದು ಕಣ್ಣು ಮೊಬೈಲಿನ ಟ್ರೇನ್ ಟೈಮಿನ ಮೇಲೆ ಇಟ್ಟು ಕೂತ. ಐದು ನಿಮಿಷಕ್ಕೆ ಈಗ ಆಯಿತಾ ಎಂದ. ಹತ್ತು ನಿಮಿಷಕ್ಕೆ ಇದಕ್ಕಿಂತ ನಮ್ಮ ಗೀಸರ್ ವಾಸಿ ಎಂದ. ಹದಿನಾಲ್ಕಕ್ಕೆ ಎದ್ದು ಚಪ್ಪಲಿ ಮೆಟ್ಟಿದ. ಇನ್ನು ಆರೇ ನಿಮಿಷ ಎಂದು ನಾನು ಮೆಟ್ಟಿಲಿನ ತನಕ ಹಿಂದೆ ಹೋದೆ. ಅವನು ನಿಲ್ಲಲಿಲ್ಲ.

ಸಿಟ್ಟಿನಲ್ಲಿ ಬಂದು ನಾಗಸ್ವರ ಹಾಕಿ ದನಿ ಏರಿಸಿದೆ. ಇಪ್ಪತ್ತು ನಿಮಿಷ ತುಂಬಿತು, ಹಾಲಿನ ತುಂಬ ದನಿ ಹರಡಿತು, ಕೇಳುವವರಿಲ್ಲ. ಆಗ ಫೋನ್ ಬಂತು. ಅವನೇ, ಪ್ಲಾಟ್‌ಫಾರ್ಮಿನಿಂದ.

"ಬಾಸ್, ಇಲ್ಲಿಗೂ ಫಸ್ಟ್‌ಕ್ಲಾಸ್ ಕೇಳ್ತಾ ಉಂಟು. ಟ್ರೇನ್ ಲೇಟ್. ಬರುವವರೆಗೆ ಬಂದ್ ಮಾಡಬೇಡ, ಇಲ್ಲಿ ನಾಲ್ಕೈದು ಜನ ಕೇಳ್ತಾ ಇದ್ದಾರೆ."

೩. ಕುಚ್ಚಲಕ್ಕಿ

ಹಳೇ ವಾಲ್ವಿಗೆ ಒಂದು ಚಾಳಿ. ಅಲ್ಲಾಡಿದರೆ ಒಳಗಿನ ಸಣ್ಣ ತಂತಿಗಳು ನಡುಗಿ ಸ್ಪೀಕರಿನಲ್ಲಿ ಟಿಣ್ ಎನ್ನುತ್ತದೆ. ನಮ್ಮ ಮನೆಯ ಹಿಂದೆ ರೈಲು ಹೋದಾಗಲೆಲ್ಲ ಟೇಬಲ್ ನಡುಗುತ್ತದೆ. ಠಾಕುರ್ಲಿಯಲ್ಲಿ ರೈಲು ಎಷ್ಟು ಹೊತ್ತಿಗೊಮ್ಮೆ ಹೋಗುತ್ತದೆ ಎಂದು ಕೇಳಬೇಡಿ, ಎಷ್ಟು ಹೊತ್ತು ಹೋಗುವುದಿಲ್ಲ ಎಂದು ಕೇಳಿ. ಕೆಳಗೆ ರಬ್ಬರ್ ಇಟ್ಟೆ, ಸ್ಪಂಜ್ ಇಟ್ಟೆ, ಮಗಳ ಯೋಗದ ಚಾಪೆ ಮಡಚಿ ಇಟ್ಟೆ. ಮಗಳು ಕಾಲೇಜಿಗೆ ಹೋಗುವವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ಮಾತ್ರ ಹಿಂದಿ. "ಪಪ್ಪಾ, ಫೋನ್ ಪೆ ಸುನ್ ಲೋ ನಾ" ಎಂದು, ಫೋನಿನಲ್ಲೇ ಕೇಳಬಾರದೇ ಎಂಬಂತೆ ಚಾಪೆ ಎಳೆದುಕೊಂಡು ಹೋದಳು.

ಒಂದು ದಿನ ಊರಿನಿಂದ ಬಸ್ಸಿನಲ್ಲಿ ಕುಚ್ಚಲಕ್ಕಿಯ ಚೀಲ ಬಂತು. ಇಲ್ಲಿಯ ಅಂಗಡಿಯ ಕುಚ್ಚಲಕ್ಕಿ ಹೆಂಡತಿಗೆ ಸೇರುವುದಿಲ್ಲ, ಊರಿನದೇ ಆಗಬೇಕು. ಇಳಿಸುವಾಗ ಜಾಗವಿಲ್ಲದೆ ಟೇಬಲ್ ಮೇಲಿಟ್ಟೆ, ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಪ್ರಿಆಂಪ್. ಅಷ್ಟರಲ್ಲಿ ಒಂದು ಎಕ್ಸ್‌ಪ್ರೆಸ್ ಹೋಯಿತು. ಟಿಣ್ ಎನ್ನಲಿಲ್ಲ. ಅಕ್ಕಿ ಕಾಳುಗಳು ನಡುಕವನ್ನೆಲ್ಲ ತಮ್ಮೊಳಗೆ ಹಂಚಿಕೊಂಡುಬಿಟ್ಟಿದ್ದವು. ಬಾಸ್, ಅಂದರೆ ತಗ್ಗಿನ ದಪ್ಪ ದನಿ, ಅದೂ ಬಿಗಿಯಾಯಿತು.

ತೊಂದರೆ ಶುರುವಾದದ್ದು ಮರುದಿನದಿಂದ. ಹೆಂಡತಿ ದಿನಾ ಎರಡು ಪಾವು ಅಕ್ಕಿ ತೆಗೆಯುತ್ತಾಳೆ. ಚೀಲ ಇಳಿಯುತ್ತದೆ, ಹಲಗೆ ವಾಲುತ್ತದೆ, ತಿಂಗಳ ಕೊನೆಗೆ ಮತ್ತೆ ಟಿಣ್. ಊಟ ಮಾಡಿದರೆ ಬಾಸ್ ಹೋಗುತ್ತದೆ, ಬಾಸ್ ಬೇಕಾದರೆ ಊಟವಿಲ್ಲ. ಕೊನೆಗೆ ನನ್ನ ಪಾಲಿನ ಅನ್ನ ಬಿಟ್ಟು ರಾತ್ರಿ ಚಪಾತಿ, ಮಧ್ಯಾಹ್ನ ಡಬ್ಬಿಗೂ ಚಪಾತಿ ಎಂದು ನಿರ್ಧರಿಸಿದೆ. ಅನ್ನ ಕಡಿಮೆ ಮಾಡಿ ಎಂದು ಹೆಂಡತಿ ಹತ್ತು ವರ್ಷ ಹೇಳಿ ಸೋತಿದ್ದಳು. ಮೂರು ತಿಂಗಳ ನಂತರ ಸಕ್ಕರೆ ಕಾಯಿಲೆಯ ರಿಪೋರ್ಟ್ ನೋಡಿ ಡಾಕ್ಟರರೇ ಕನ್ನಡಕ ತೆಗೆದು ಒರೆಸಿಕೊಂಡರು. ಹೇಗೆ ಸಾಧಿಸಿದಿರಿ, ಬೇರೆ ಪೇಷಂಟುಗಳಿಗೂ ಹೇಳುತ್ತೇನೆ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೇಳಿದಳು, "ಅದಕ್ಕೆ ಮೊದಲು ಅವರಿಗೆಲ್ಲ ಒಂದೊಂದು ವಾಲ್ವ್ ಪ್ರಿಆಂಪ್ ಬರೆದುಕೊಡಬೇಕು ಡಾಕ್ಟ್ರೇ."

೪. ಉಪ್ಪು, ಇದ್ದಿಲು, ನೀರು

ಇಷ್ಟಾದರೂ ಒಂದು ಗುಂಯ್ ಎನ್ನುವ ಸದ್ದು ಉಳಿದಿತ್ತು. ವೈರ್ ಬದಲಿಸಿದೆ, ಟ್ರಾನ್ಸ್‌ಫಾರ್ಮರ್ ದೂರ ಸರಿಸಿದೆ, ಹೋಗಲಿಲ್ಲ. ಕೊನೆಗೆ ನಮ್ಮ ಏರಿಯಾದ ಎಲೆಕ್ಟ್ರಿಷಿಯನ್ನನ್ನು ಕರೆದೆ. ವಿಜಯಪುರದ ಕಡೆಯವನು, ಮಾತು ಕಡಿಮೆ. ಪ್ಲಗ್ಗಿಗೆ ಟೆಸ್ಟರ್ ಹಚ್ಚಿ, ಕೆಳಗೆ ಹೋಗಿ, ಕಂಪೌಂಡಿನ ಮೂಲೆಯ ಒಂದು ಗುಂಡಿ ನೋಡಿ ಬಂದ.

"ನಿಮ್ಮ ಮಷಿನ್‌ದಾಗ ಏನಿಲ್ರಿ ಸರ. ಬಿಲ್ಡಿಂಗಿನ ಅರ್ಥಿಂಗ್ ಸತ್ತೈತಿ. ಗುಂಡಿ ಒಣಗೈತ್ರಿ. ಉಪ್ಪು ಹಾಕ್ರಿ, ಇದ್ದಲಿ ಹಾಕ್ರಿ, ದಿನಾ ಒಂದ್ ಬಕೆಟ್ ನೀರು ಹಾಕ್ರಿ. ಜೀವ ಬರ್ತೈತಿ."

ಮಹಾಪೆಗೆ ಹೊರಡುವ ಮೊದಲು ಮಾಡಬೇಕಾದ್ದರಿಂದ ಬೆಳಿಗ್ಗೆ ಆರಕ್ಕೆ ಸ್ನಾನ ಮುಗಿಸಿ, ಪಂಚೆ ಉಟ್ಟು, ಉಪ್ಪು ಇದ್ದಿಲು ಬಕೆಟ್ ಹಿಡಿದು ಇಳಿದೆ. ಅವತ್ತು ಅಮಾವಾಸ್ಯೆ ಎಂದು ನನಗೆ ಗೊತ್ತಿರಲಿಲ್ಲ. ಕೆಳಗಿನ ಮನೆಯ ಮರಾಠಿ ಚಿಕ್ಕಮ್ಮ, ಎಲ್ಲರ ಬಾಯಲ್ಲಿ ಕಾಕು, ಕಿಟಕಿಯಿಂದ ನೋಡಿದರು. ಸಂಜೆ ಬರುವಷ್ಟರಲ್ಲಿ ಬೋರ್ಡಿನ ಮೇಲೆ ಮರಾಠಿಯಲ್ಲಿ ನೋಟೀಸ್: ಸೊಸೈಟಿಯ ಆವರಣದಲ್ಲಿ ಯಾರೂ ಮಾಟ ಮಂತ್ರ ಮಾಡಬಾರದು. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ, ಎಲ್ಲರೂ ನೋಟೀಸ್ ಓದಿ ನನ್ನ ಮುಖ ನೋಡುತ್ತಿದ್ದರು.

ಭಾನುವಾರ ಮೀಟಿಂಗ್ ಕರೆದರು. ಅರ್ಥಿಂಗ್ ಎಂದರೇನು, ಕರೆಂಟ್ ಭೂಮಿಗೆ ಹೇಗೆ ಇಳಿಯುತ್ತದೆ ಎಂದು ನನಗೆ ಬರುವ ಮರಾಠಿಯಲ್ಲಿ ಅರ್ಧ ಗಂಟೆ ಹೇಳಿದೆ. ಸೆಕ್ರೆಟರಿ ಆಕಳಿಸಿದರು. ಆಗ ಕಾಕು ಎದ್ದು ನಿಂತು, ಎಷ್ಟೋ ವರ್ಷದಿಂದ ತಮ್ಮ ವಾಷಿಂಗ್ ಮೆಷಿನ್ ಮುಟ್ಟಿದರೆ ಝುಂ ಎನ್ನುತ್ತಿತ್ತು, ಈ ವಾರದಿಂದ ಇಲ್ಲ ಎಂದರು. ಇನ್ನೊಬ್ಬರ ಗೀಸರೂ ಸುಮ್ಮನಾಗಿತ್ತು. ಮತ್ತೊಬ್ಬರ ಫ್ರಿಜ್ಜೂ. ಅರ್ಥಿಂಗಿಗೆ ಜೀವ ಬಂದರೆ ಆಗಬೇಕಾದ್ದು ಅದೇ. ಆದರೆ ಮೀಟಿಂಗಿಗೆ ಅರ್ಥವಾದದ್ದು ಬೇರೆ. ಆ ಜಾಗದಲ್ಲಿ ಏನೋ ಇದೆ, ಇವರಿಗೆ ಮೊದಲು ಗೊತ್ತಾಯಿತು ಎಂದು ತೀರ್ಮಾನವಾಯಿತು.

ಗುಂಯ್ ಸದ್ದು ನಿಂತು ತಿಂಗಳುಗಳಾದವು. ನಾನು ನೀರು ಹಾಕುವ ಪ್ರಮೇಯವೇ ಇಲ್ಲ, ಅದಕ್ಕೆ ಸರದಿ ಇದೆ. ಗುಂಡಿಗೆ ಸುಣ್ಣ ಬಳಿದು, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟಿದ್ದಾರೆ. ಮೊನ್ನೆ ಟೆಸ್ಟರ್ ಹಿಡಿದು ಹತ್ತಿರ ಹೋದರೆ, ಚಪ್ಪಲಿ ಕಳಚಿ ಹೋಗಿ ಎಂದು ಸೆಕ್ರೆಟರಿ ನನ್ನನ್ನೇ ಗದರಿದರು.

೫. ಬಿಳಿ ಬಟ್ಟೆ, ಬಣ್ಣದ ಬಟ್ಟೆ

ಸೆಟ್ಟನ್ನು ತಿಳಿದವರೊಬ್ಬರಿಗೆ ಕೇಳಿಸಬೇಕು ಎನಿಸಿತು. ಮಾವ ಒಂದೇ ಸಲ ಬರುವವರು, ತಪ್ಪಿದ್ದರೆ ಮೊದಲೇ ಗೊತ್ತಾಗಬೇಕಲ್ಲ. ಠಾಣೆಯಲ್ಲಿ ಒಬ್ಬ ಆಡಿಯೋ ಹವ್ಯಾಸಿ ಮಹಾಶಯರಿದ್ದಾರೆ. ಕೋಣೆ ಸರಿಯಿಲ್ಲದೆ ಮೆಷಿನ್ ಸರಿ ಮಾಡಿ ಫಲವಿಲ್ಲ ಎಂಬುದು ಅವರ ಸಿದ್ಧಾಂತ. ತಮ್ಮ ಕೋಣೆಯ ನಾಲ್ಕೂ ಗೋಡೆಗೆ ವಿದೇಶಿ ಸ್ಪಂಜು ಹೊಡೆಸಿದ್ದಾರೆ. ಜುಲೈಯಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಬಂದರು.

ಹೊರಗೆ ಐದು ದಿನದಿಂದ ಬಿಡದ ಮಳೆ. ನಮ್ಮ ಹಾಲಿನಲ್ಲಿ ಅಡ್ಡಕ್ಕೂ ಉದ್ದಕ್ಕೂ ಹಗ್ಗ, ಹಗ್ಗದ ತುಂಬ ಒದ್ದೆ ಬಟ್ಟೆ. ತೆಗೆದರೆ ಇಡಲು ಜಾಗವಿಲ್ಲ. ಮಹಾಶಯರು ಎರಡು ಚಾದರಗಳ ನಡುವೆ ದಾರಿ ಮಾಡಿಕೊಂಡು ಕೂತರು. ನನ್ನ ಬನಿಯನ್ನಿನ ತುದಿ ಅವರ ಕಿವಿಗೆ ತಾಗುತ್ತಿತ್ತು. ನನಗೆ ನಾಚಿಕೆ. ನಾಗಸ್ವರ ಶುರುವಾಯಿತು. ಅವರು ಕಣ್ಣು ಮುಚ್ಚಿದರು. ಒಂದು ಬದಿ ಪೂರ್ತಿ ಮುಗಿಯುವ ತನಕ ತೆರೆಯಲಿಲ್ಲ. ತೆರೆದ ಮೇಲೆ, ತಮ್ಮ ಕೋಣೆಯಲ್ಲೂ ಇಂಥ ಶುದ್ಧ ದನಿ ಬಂದಿಲ್ಲ ಎಂದು ಒಪ್ಪಿಕೊಂಡರು. ಪ್ರತಿಧ್ವನಿ ಎನ್ನುವುದೇ ಇಲ್ಲ, ಈ ಬಟ್ಟೆಗಳನ್ನು ಯಾವ ಲೆಕ್ಕದಲ್ಲಿ ಹಾಕಿದ್ದೀರಿ, ಇದೇ ಜೋಡಣೆ ಕಾಯಂ ಇರುತ್ತದೆಯೇ ಎಂದು ಗಂಭೀರವಾಗಿ ವಿಚಾರಿಸಿದರು.

ಅಡಿಗೆಮನೆಯಿಂದ ಹೆಂಡತಿ ಹೇಳಿದಳು, "ಇವತ್ತಿನದ್ದು ಬಿಳಿ ಬಟ್ಟೆ. ಬಣ್ಣದ್ದು ನಾಳೆ. ಅದನ್ನೂ ಕೇಳಿ ನೋಡುವುದಾದರೆ ಬನ್ನಿ."

೬. ಮಾವ ಹತ್ತಿ ಬಂದರು

ಎಲ್ಲ ಸರಿಯಾಯಿತು ಎಂದು ನನಗೆ ಖಾತ್ರಿಯಾದ ಮೇಲೆ ಅಕ್ಟೋಬರಿನ ಒಂದು ಭಾನುವಾರ ಮಾವನನ್ನು ಕರೆದೆ. ದಿನವನ್ನು ನಾನು ಜಾತಕ ನೋಡಿದ ಹಾಗೆ ನೋಡಿ ಆರಿಸಿದ್ದೆ. ಅವತ್ತು ಹಳಿ ರಿಪೇರಿಯ ಮೆಗಾಬ್ಲಾಕ್, ಸಂಜೆಯ ತನಕ ನಮ್ಮ ಹಿಂದಿನ ಹಳಿಯಲ್ಲಿ ರೈಲಿಲ್ಲ. ಊರಿನಿಂದ ಹೊಸ ಕುಚ್ಚಲಕ್ಕಿ ಚೀಲ ತರಿಸಿ ತುಂಬಿದ ಚೀಲದ ಮೇಲೆ ಪ್ರಿಆಂಪ್ ಇಟ್ಟೆ. ಒಣಗಿದ್ದ ಚಾದರಗಳನ್ನೇ ಮತ್ತೆ ಹಗ್ಗಕ್ಕೆ ಹಾಕಿದೆ. ಒಂದು ಗಂಟೆ ಮೊದಲೇ ವಾಲ್ವ್ ಕಾಯಲು ಬಿಟ್ಟೆ. ಫ್ರಿಜ್ ಬಂದ್, ಫ್ಯಾನ್ ಬಂದ್, ಮಗಳ ಫೋನ್ ಬಂದ್. ಅಡಿಗೆಮನೆಗೆ ಯಾರೂ ಕಾಲಿಡಬಾರದು ಎಂದು ಆಜ್ಞೆ ಮಾಡಿದೆ. ಎರಡು ಗಂಟೆಯಿಂದ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಿರಲಿಲ್ಲ.

ಮೂರೂವರೆಗೆ ಮಗನ ಕಾರಿನಲ್ಲಿ ಮಾವ ಬಂದರು. ಪ್ರತಿ ಮಾಳಿಗೆಯಲ್ಲೂ ಒಂದು ಕುರ್ಚಿ ಇಡಿಸಿದ್ದೆ. ಕೂತು, ಎದ್ದು, ಕೂತು, ಅರ್ಧ ಗಂಟೆಯಲ್ಲಿ ಮೇಲೆ ತಲುಪಿದರು. ಇಸ್ತ್ರಿ ಅಂಗಿ ಬೆವರಿ ಅಂಟಿಕೊಂಡಿತ್ತು. ಚಾದರಗಳ ನಡುವೆ ಅವರನ್ನು ಕೂರಿಸಿ, ರೆಕಾರ್ಡ್ ಒರೆಸಿ, ಸೂಜಿ ಇಳಿಸಿದೆ.

ದನಿ ಬಂತು. ಅಂಥ ದನಿಯನ್ನು ನಾನು ಆ ಮೊದಲು ಕೇಳಿರಲಿಲ್ಲ. ನಾಗಸ್ವರದವರು ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ಡೋಲಿನ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ತಿಳಿಯುತ್ತಿತ್ತು. ಮಾವ ಬೆವರು ಒರೆಸಿಕೊಂಡು, ಕೈಕಟ್ಟಿ ಕೂತು, ಮದುವೆಗೆ ಬಂದ ದೂರದ ನೆಂಟರ ಹಾಗೆ ಮರ್ಯಾದೆಯಿಂದ ಕೇಳಿದರು. ಬದಿ ಮುಗಿಯಿತು.

"ಒಳ್ಳೇದುಂಟು" ಎಂದರು. ಆಮೇಲೆ ನನ್ನ ಮನಸ್ಸು ನೋಯಬಾರದೆಂದು ಮೆತ್ತಗೆ ಹೇಳಿದರು, "ಆದರೆ ಇದು ನನ್ನ ಮೆಷಿನ್ ಅಲ್ಲ ಮಾರಾಯ. ನನ್ನದು ಹಾಳಾಗಿ ಹೋಗಿತ್ತು, ಅಲ್ವಾ? ನನಗೆ ಬೇಜಾರಾಗುತ್ತದೆ ಅಂತ ನೀನು ಹೊಸದು ತಂದಿಟ್ಟಿದ್ದೀ."

ನಾನು ಪೆಟ್ಟಿಗೆಯ ಹಿಂದಿನ ಗೀರು ತೋರಿಸಿದೆ. ಅವರ ಹೋಟೆಲಿನ ಹೆಸರು ಬರೆದಿದ್ದ ಪಟ್ಟಿ ತೋರಿಸಿದೆ. ಹೌದು ಹೌದು ಎಂದು ತಲೆ ಆಡಿಸಿದರು, ನಂಬಲಿಲ್ಲ. ನನಗೆ ಅಳು ಬರುವುದೊಂದು ಬಾಕಿ. ಒಂಬತ್ತು ತಿಂಗಳು ಹೆಣಗಿದ್ದೇನೆ, ಅನ್ನ ಬಿಟ್ಟಿದ್ದೇನೆ, ಮಾಟಗಾರ ಅನ್ನಿಸಿಕೊಂಡಿದ್ದೇನೆ. ಮೂರು ಮಾಳಿಗೆ ಹತ್ತಿ ಬಂದ ಮುದುಕರು ಬರಿಗೈಯಲ್ಲಿ ಇಳಿದು ಹೋಗುವ ಹಾಗಾಯಿತು.

ಹೆಂಡತಿಯ ತಾಳ್ಮೆ ಅಲ್ಲಿಗೆ ಮುಗಿಯಿತು. ಅಪ್ಪ ಬಂದು ಇಷ್ಟು ಹೊತ್ತಾದರೂ ಒಂದು ಲೋಟ ಕಾಫಿ ಕೊಡಲಿಕ್ಕಿಲ್ಲವಂತೆ, ಇದು ಮನೆಯೋ ಆಪರೇಷನ್ ಥಿಯೇಟರೋ ಎಂದು ತುಳುವಿನಲ್ಲಿ ನನಗೆ ಕೇಳುವಷ್ಟು ಜೋರಾಗಿ ಹೇಳಿ ಅಡಿಗೆಮನೆಗೆ ನುಗ್ಗಿದಳು. ಬೆಳಿಗ್ಗೆಯೇ ಕಲಸಿಟ್ಟಿದ್ದ ಗೋಳಿಬಜೆಯ ಹಿಟ್ಟು ಎಣ್ಣೆಗೆ ಬಿತ್ತು. ಫ್ಯಾನ್ ತಿರುಗಿತು, ಚಾದರಗಳು ಪಟಪಟ ಎಂದವು. ಮಗಳನ್ನು ಸ್ಟೀಲ್ ತಟ್ಟೆ ತೆಗೆಯಲು ಕರೆದಳು. ಅವು ಎಂದಿನಂತೆ ಎಲ್ಲ ಒಟ್ಟಿಗೆ ಬಿದ್ದವು. ಚಟ್ನಿಗೆ ಮಿಕ್ಸಿ ಹಾಕಿದಳು. ನಾನು ಸೋತು, ಏನಾದರಾಗಲಿ ಎಂದು ರೆಕಾರ್ಡ್ ಮಗುಚಿ ಹಾಕಿ ಕೂತೆ.

ಮಿಕ್ಸಿಯ ಗರ್ರ್ ಸ್ಪೀಕರಿನೊಳಗೂ ಬಂತು. ಮೆಗಾಬ್ಲಾಕ್ ಮುಗಿದು ಮೊದಲ ಲೋಕಲ್ ಹಾರ್ನ್ ಹೊಡೆದು ಹೋಯಿತು. ಇಂಗಿನ ಒಗ್ಗರಣೆ ಚಟ್ನಿಗೆ ಚೊಂಯ್ ಎಂದಿತು. ಎದುರು ಮನೆಯ ಅಜ್ಜ ವಾಸನೆ ಹಿಡಿದು ಬಾಗಿಲಲ್ಲಿ ಹಾಜರಾಗಿ, "ಆಜ್ ಆಲಾ ವಾಸ್", ಇವತ್ತು ವಾಸನೆ ಬಂತು ಎಂದು ಮರಾಠಿಯಲ್ಲಿ ಜೋರಾಗಿ ಸಂತೋಷಪಟ್ಟರು. ಇಷ್ಟರ ನಡುವೆ ನಾಗಸ್ವರ ಎಲ್ಲೋ ಒಳಗಿನಿಂದ, ಸಂದಿ ಸಿಕ್ಕಲ್ಲಿ ತಲೆ ಎತ್ತುತ್ತಿತ್ತು.

ಮಾವನ ಬೆನ್ನು ನೆಟ್ಟಗಾಯಿತು. ಕಣ್ಣು ಮುಚ್ಚಿದರು. ಬಲಗೈ ಟೀಪಾಯಿಯ ಅಂಚಿಗೆ ಹೋಗಿ, ಗಲ್ಲಾದ ಮೇಲೆ ಇರುತ್ತಿದ್ದ ಹಾಗೆಯೇ ಕೂತಿತು. ಎರಡು ಬೆರಳು ಡೋಲಿನ ಜೊತೆ ಆಡತೊಡಗಿದವು. ಎಷ್ಟೋ ಕಾಲದ ನಂತರ ಅವರ ಮುಖದಲ್ಲಿ ಕೆಲಸದ ಕಳೆ ಬಂತು.

ಕಣ್ಣು ತೆರೆಯದೆ ನನ್ನ ಕಡೆ ಗದ್ದ ಎತ್ತಿ ಹೇಳಿದರು, "ಆರನೇ ಟೇಬಲ್ ಒರೆಸಲಿಲ್ಲ."

ನಮ್ಮ ಹಾಲಿನಲ್ಲಿ ಇರುವುದು ಅದೊಂದೇ ಟೀಪಾಯಿ. ವಾಲ್ವ್ ಒರೆಸಲೆಂದು ಇಟ್ಟಿದ್ದ ಮೆತ್ತನೆಯ ಬಟ್ಟೆ ತೆಗೆದು ಅದನ್ನೇ ಒರೆಸಿದೆ. ಅಜ್ಜನನ್ನು ಎದುರಿಗೆ ಕೂರಿಸಿ ನೀರು ಇಟ್ಟೆ. ಗೋಳಿಬಜೆ ಬಂತು. ಮಾವ ಅಜ್ಜನಿಗೆ ಮರಾಠಿಯಲ್ಲಿ ಇನ್ನೊಂದು ಪ್ಲೇಟ್ ಒತ್ತಾಯ ಮಾಡಿದರು, ನನಗೆ ಚಟ್ನಿ ತರಲು ಎರಡು ಸಲ ಹೇಳಿದರು, ಕಾಫಿ ತಡವಾಯಿತೆಂದು ಮಗಳನ್ನು ಅವಸರಿಸಿದರು. ಅವಳು "ಆಯಿತು ಅಜ್ಜ" ಎಂದು ಕನ್ನಡದಲ್ಲೇ ಹೇಳಿ ಓಡಿದಳು.

ಆರು ಗಂಟೆಗೆ ಹೊರಟರು. ಮಗನ ಭುಜ ಹಿಡಿದು ಮೊದಲ ಮೆಟ್ಟಿಲು ಇಳಿದವರು, ನಮ್ಮ ಮೂರು ಮಾಳಿಗೆ ಹತ್ತುವುದು ಒಂದೇ ಸಲ ಎಂದಿದ್ದವರು, ನಿಂತು ತಿರುಗಿ ನೋಡಿದರು.

"ಮುಂದಿನ ಭಾನುವಾರ ನೀವು ಎಷ್ಟು ಗಂಟೆಗೆ ಓಪನ್ ಮಾಡುವುದು?"